ಆಸ್ಪತ್ರೆ ಉಪಕರಣದ ಐಡಿಯಾಗೆ ಹಣ ತರುವುದು ಹೇಗೆ: ಯಾವುದು ಮೊದಲು, ಯಾವುದು ಆಮೇಲೆ

ಅನುದಾನದ ಫಲಿತಾಂಶ ಬಂದ ವಾರ ನನ್ನ ಫೋನ್‌ಗೆ ಒಂದೇ ಥರದ ಮೆಸೇಜ್‌ಗಳು ಬರುತ್ತವೆ. “ಸರ್, ಪ್ರೊಟೊಟೈಪ್ ಕೆಲಸ ಮಾಡ್ತಿದೆ, ಡಾಕ್ಟ್ರೂ ಚೆನ್ನಾಗಿದೆ ಅಂದ್ರು, ಆದ್ರೂ ರಿಜೆಕ್ಟ್ ಆಯ್ತು.” ಅರ್ಜಿ ತರಿಸಿ ಓದಿದರೆ ಐಡಿಯಾದಲ್ಲಿ ತಪ್ಪು ಇರುವುದು ಕಡಿಮೆ. ತಪ್ಪಿರುವುದು ಕ್ರಮದಲ್ಲಿ. ಪೇಟೆಂಟ್‌ಗೆ ಮೊದಲೇ ಪ್ರದರ್ಶನ, ವಾರ್ಡ್‌ಗೆ ಮೊದಲೇ ಸರ್ಕ್ಯೂಟ್, ಉಪಕರಣ ಯಾವ ವರ್ಗಕ್ಕೆ ಸೇರುತ್ತದೆ ಎಂದು ತಿಳಿಯುವ ಮೊದಲೇ ಬಜೆಟ್. ಹೀಗೆ ಹಿಂದುಮುಂದಾದ ಕೆಲಸವನ್ನು ಆಮೇಲೆ ಸರಿಮಾಡಲು ಹೋದರೆ ಒಂದು ವರ್ಷ, ಕೆಲವೊಮ್ಮೆ ಇಡೀ ಹಕ್ಕೇ ಕೈತಪ್ಪುತ್ತದೆ.

ಈ ಬರಹದ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳುತ್ತೇನೆ: ಡ್ರಿಪ್ ಬಾಟಲಿ ಮೇಲೆ ಕಣ್ಣಿಡುವ ಮಾನಿಟರ್. ಯಾವ ಎಂಜಿನಿಯರಿಂಗ್ ಕಾಲೇಜಿನ ಫೈನಲ್ ಇಯರ್ ಪ್ರದರ್ಶನಕ್ಕೆ ಹೋದರೂ ಒಂದು ಮೇಜಿನ ಮೇಲೆ ಇದು ಮಿಣಕ್ ಮಿಣಕ್ ಅನ್ನುತ್ತಿರುತ್ತದೆ. ಅಲ್ಲಿಂದ ಮುಂದಕ್ಕೆ ಹೋಗುವುದೇ ಅಪರೂಪ.

ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದ್ದು

ಪುಟಗಳಿಗೆ ನಂಬರ್ ಇರುವ ಗಟ್ಟಿ ರಟ್ಟಿನ ನೋಟ್‌ಬುಕ್. ಒಬ್ಬ ಡಾಕ್ಟರ್, ಜೊತೆಗೆ ಒಬ್ಬ ನರ್ಸ್. ಇಬ್ಬರೂ ಬೇಕು, ಒಬ್ಬರ ಬದಲು ಇನ್ನೊಬ್ಬರು ಆಗುವುದಿಲ್ಲ. ಆಸ್ಪತ್ರೆಯಿಂದ ಬರಹದಲ್ಲಿ ಅನುಮತಿ. ಎರಡು ಮೂರು ವರ್ಷ ತಡೆದುಕೊಳ್ಳುವ ಮನಸ್ಸು. ಮನೆಯವರಿಗೂ ಒಂದು ಮಾತು ಹೇಳಿಡಿ, ಇದರಿಂದ ಸಂಬಳ ಬರುವುದು ತಡ ಅಂತ. ತಂಡಗಳು ಒಡೆಯುವುದು ತಂತ್ರಜ್ಞಾನದಿಂದ ಕಡಿಮೆ, ಇಎಂಐನಿಂದ ಜಾಸ್ತಿ.

ಹಂತ 1: ವಾರ್ಡ್‌ಗೆ ಹೋಗಿ ಸುಮ್ನೆ ನಿಂತು ನೋಡಿ

ಲ್ಯಾಬ್‌ಗಿಂತ ಮೊದಲು ವಾರ್ಡ್. ಕನಿಷ್ಠ ಹತ್ತು ಪಾಳಿ ನಿಲ್ಲಿ, ಅದರಲ್ಲಿ ನಾಲ್ಕಾದರೂ ರಾತ್ರಿ ಪಾಳಿ ಇರಲಿ. ಸರ್ಕಾರಿ ತಾಲ್ಲೂಕು ಆಸ್ಪತ್ರೆಯಾದರೆ ಆಡಳಿತ ವೈದ್ಯಾಧಿಕಾರಿಗೆ ಪತ್ರ ಕೊಡಿ, ಖಾಸಗಿಯಾದರೆ ಮೆಡಿಕಲ್ ಸೂಪರಿಂಟೆಂಡೆಂಟ್‌ಗೆ. ರೋಗಿಯ ಮುಖ, ಹೆಸರು, ಕೇಸ್ ಶೀಟ್ ಯಾವುದರ ಫೋಟೊವನ್ನೂ ತೆಗೆಯಬೇಡಿ.

ಡ್ರಿಪ್ ಮಾನಿಟರ್ ಮಾಡಿದ್ದ ಇಬ್ಬರು ಹುಡುಗರ ಜೊತೆ ಒಮ್ಮೆ ಮಹಿಳಾ ವಾರ್ಡ್‌ನಲ್ಲಿ ರಾತ್ರಿ ಕೂತಿದ್ದೆ. ಸಿಸ್ಟರ್ ಬಾಟಲಿ ತೂಗುಹಾಕಿದರು. ಜೇಬಿನಿಂದ ಬಿಳಿ ಪ್ಲಾಸ್ಟರ್ ತೆಗೆದು, ಹಲ್ಲಲ್ಲಿ ಕಚ್ಚಿ ಹರಿದು, ಬಾಟಲಿಯ ಉದ್ದಕ್ಕೆ ಅಂಟಿಸಿದರು. ಅದರ ಮೇಲೆ ಪೆನ್ನಲ್ಲಿ ಗೆರೆ: 10, 12, 2, 4, 6. ಯಾವ ಹೊತ್ತಿಗೆ ದ್ರವ ಯಾವ ಗೆರೆಗೆ ಇಳಿದಿರಬೇಕು ಅನ್ನುವ ಗುರುತು. ಆಮೇಲೆ ವಾಚ್ ನೋಡಿಕೊಂಡು ಹನಿ ಎಣಿಸಿ, ವೇಗ ಹೊಂದಿಸುವ ಟ್ಯೂಬ್‌ನ ರೋಲರ್ ಸರಿಮಾಡಿದರು. 500 ಎಂಎಲ್ ಬಾಟಲಿ 8 ಗಂಟೆಯಲ್ಲಿ ಹೋಗಬೇಕು, ಒಂದು ಎಂಎಲ್‌ಗೆ 20 ಹನಿ ಬೀಳುವ ಸೆಟ್, ಹಾಗಾದರೆ ನಿಮಿಷಕ್ಕೆ ಸುಮಾರು 21 ಹನಿ. ಎಲ್ಲ ಬಾಯಿಲೆಕ್ಕ.

ಒಂದೂವರೆಗೆ ಆ ಹೆಂಗಸು ನಿದ್ದೆಯಲ್ಲಿ ಮಗ್ಗುಲಾದರು. ಮೊಣಕೈ ಮಡಚಿತು, ಹನಿ ನಿಂತಿತು. ಕಂಡುಹಿಡಿದದ್ದು ಕೆಳಗೆ ಚಾಪೆ ಮೇಲೆ ಮಲಗಿದ್ದ ಅವರ ತಾಯಿ. “ಸಿಸ್ಟರ್, ಗ್ಲೂಕೋಸ್ ನಿಂತೋಯ್ತು.” ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರ ಸಾಧನ ಬಾಟಲಿ ಖಾಲಿಯಾದಾಗ ಮಾತ್ರ ಕೂಗುತ್ತಿತ್ತು. ಇಲ್ಲಿದ್ದ ತೊಂದರೆ ಖಾಲಿಯಾಗುವುದಲ್ಲ, ನಡುವೆ ವೇಗ ಬದಲಾಗುವುದು. ಪಕ್ಕದ ಮಂಚದ ಮಾನಿಟರ್‌ನ ಸ್ಪೀಕರ್ ಮೇಲೂ ಅದೇ ಬಿಳಿ ಪ್ಲಾಸ್ಟರ್ ಅಂಟಿಸಿತ್ತು. ಅಲಾರಂ ಸದ್ದು ತಡೆಯಲಾರದೆ ಯಾರೋ ಮುಚ್ಚಿದ್ದರು. ಅಲಾರಂ ಮಾರಲು ಹೊರಟವರು ಅದನ್ನು ನೋಡಲೇಬೇಕಿತ್ತು ಅಲ್ವಾ?

ಆ ಪ್ಲಾಸ್ಟರ್ ಪಟ್ಟಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ನಿಮ್ಮ ಪೈಪೋಟಿ ಅದರ ಜೊತೆಗೇ.

ಎಚ್ಚರಿಕೆಯ ಗುರುತು: ಹತ್ತು ಪಾಳಿ ಮುಗಿದ ಮೇಲೂ ನಿಮ್ಮ ಸಾಧನ ಮೊದಲ ದಿನ ತಲೆಯಲ್ಲಿದ್ದ ಹಾಗೇ ಇದ್ದರೆ ನೀವು ನೋಡಿದ್ದು ವಾರ್ಡ್ ಅಲ್ಲ, ನಿಮ್ಮದೇ ಐಡಿಯಾ.

ಹಂತ 2: ಅಗತ್ಯವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

ವಾಕ್ಯದಲ್ಲಿ ಮೂರು ವಿಷಯ ಇರಬೇಕು. ಯಾರಿಗೆ, ಏನು ತೊಂದರೆ, ಏನು ಬದಲಾದರೆ ಗೆದ್ದ ಹಾಗೆ. ಸಾಧನದ ಹೆಸರು, ಸೆನ್ಸರ್, ಆ್ಯಪ್, ಎಐ ಇವು ಯಾವುವೂ ಇರಬಾರದು.

ತಪ್ಪು: “ಆಸ್ಪತ್ರೆಗಳಿಗೆ ಕಡಿಮೆ ಬೆಲೆಯ ಸ್ಮಾರ್ಟ್ ಡ್ರಿಪ್ ಮಾನಿಟರ್ ಬೇಕು.”

ಸರಿ: “ಒಬ್ಬಿಬ್ಬರೇ ನರ್ಸ್ ಇರುವ ರಾತ್ರಿ ಪಾಳಿಯಲ್ಲಿ, ಡ್ರಿಪ್ ವೇಗ ತಪ್ಪಿದ್ದು 10 ನಿಮಿಷದೊಳಗೆ ನರ್ಸ್‌ಗೆ ತಿಳಿಯಬೇಕು, ವಾರ್ಡ್‌ನಲ್ಲಿ ಹೊಸ ಸದ್ದು ಸೇರಬಾರದು.”

ಎರಡನೆಯದರಲ್ಲಿ ಅಳೆಯಬಹುದಾದ ಅಂಕಿ ಇದೆ, ಜಾಗ ಇದೆ, ಹೊತ್ತು ಇದೆ. ಬೆಂಗಳೂರಿನಲ್ಲಿ ರೂಪುಗೊಂಡ ‘ಸಾನ್ಸ್’ ಎಂಬ ಉಸಿರಾಟದ ಸಾಧನವನ್ನು ಈ ಕಣ್ಣಿಂದ ನೋಡಿ. ಅದು ಒತ್ತಡದ ಗಾಳಿಯಿಂದ ಉಸಿರಾಟಕ್ಕೆ ನೆರವಾಗುವ ಇನ್ನೊಂದು ಸಿಪಾಪ್ ಯಂತ್ರ ಅಷ್ಟೇ ಅಲ್ಲ. ಉಸಿರಾಟದ ತೊಂದರೆ ಇರುವ ನವಜಾತ ಶಿಶುವನ್ನು ಸಣ್ಣ ಆಸ್ಪತ್ರೆಯಿಂದ ದೊಡ್ಡ ಆಸ್ಪತ್ರೆಗೆ ಸಾಗಿಸುವ ಹೊತ್ತಿಗೆಂದು ಮಾಡಿದ್ದು. ಕರೆಂಟ್ ಇಲ್ಲದಿದ್ದರೆ ಕೈಯಲ್ಲೇ ಪಂಪ್ ಮಾಡಬಹುದು. ಅಗತ್ಯ ಇಷ್ಟು ಕಿರಿದಾಗಿದ್ದಾಗ ಸಾಧನದ ಆಕಾರ ತಾನಾಗಿ ತಿಳಿಯುತ್ತದೆ.

ವಾಕ್ಯ ಬರೆದ ಮೇಲೆ ಈಗ ಜನ ಹೇಗೆ ನಿಭಾಯಿಸುತ್ತಿದ್ದಾರೆ ಎಂದು ಪಟ್ಟಿ ಮಾಡಿ. ನಮ್ಮ ಉದಾಹರಣೆಯಲ್ಲಿ ಒಂದು ಕಡೆ ದ್ರವವನ್ನು ಅಳೆದು ತಾನೇ ಹರಿಸುವ, ಹತ್ತಾರು ಸಾವಿರದ ಇನ್‌ಫ್ಯೂಷನ್ ಪಂಪ್. ಇನ್ನೊಂದು ಕಡೆ ಒಂದೆರಡು ರೂಪಾಯಿಯ ಪ್ಲಾಸ್ಟರ್, ಜೊತೆಗೆ ನಿದ್ದೆಗೆಟ್ಟ ತಾಯಿ. “ನಮಗೆ ಪೈಪೋಟಿಯೇ ಇಲ್ಲ” ಎಂದು ಬರೆದ ಅರ್ಜಿ ಕಂಡರೆ ತಜ್ಞರು ಪುಟ ತಿರುಗಿಸಿಬಿಡುತ್ತಾರೆ.

ಹಂತ 3: ನಿಮ್ಮ ಉಪಕರಣ ಎ, ಬಿ, ಸಿ, ಡಿ ಯಾವುದು ಎಂದು ತಿಳಿಯಿರಿ

ಇದನ್ನು ಕೊನೆಗೆ ಇಟ್ಟುಕೊಳ್ಳುವವರೇ ಜಾಸ್ತಿ. ಆದರೆ ಖರ್ಚು, ಸಮಯ, ಎಷ್ಟು ಹೂಡಿಕೆ ಕೇಳಬೇಕು ಎಲ್ಲವೂ ನಿಂತಿರುವುದು ಇದರ ಮೇಲೆ.

ವೈದ್ಯಕೀಯ ಸಾಧನಗಳ ನಿಯಮಗಳು 2017ರವು, ಜಾರಿಗೆ ಬಂದದ್ದು 2018ರ ಜನವರಿ 1ರಂದು. ಅಪಾಯ ಹೆಚ್ಚಿದಂತೆ ಎಯಿಂದ ಡಿವರೆಗೆ ನಾಲ್ಕು ವರ್ಗ. ಗಾಯಕ್ಕೆ ಕಟ್ಟುವ ಬಟ್ಟೆ ಎ, ಇಂಜೆಕ್ಷನ್ ಸೂಜಿ ಬಿ, ವೆಂಟಿಲೇಟರ್ ಸಿ, ಹೃದಯದ ಕವಾಟ ಡಿ. ಎ ಮತ್ತು ಬಿ ವರ್ಗದ ತಯಾರಿಕೆ ಲೈಸೆನ್ಸ್ ರಾಜ್ಯದ ಪ್ರಾಧಿಕಾರ ಕೊಡುತ್ತದೆ, ಸಿ ಮತ್ತು ಡಿ ವರ್ಗದ್ದು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ. ಎ (ಕೆಲವನ್ನು ಬಿಟ್ಟು) ಮತ್ತು ಬಿಗೆ ಲೈಸೆನ್ಸ್ ಕಡ್ಡಾಯವಾದದ್ದು 2022ರ ಅಕ್ಟೋಬರ್‌ನಿಂದ, ಸಿ ಮತ್ತು ಡಿಗೆ 2023ರ ಅಕ್ಟೋಬರ್‌ನಿಂದ. ಅದಕ್ಕಿಂತ ಹಿಂದೆ ಕಂಪನಿ ಕಟ್ಟಿದವರು “ನಮ್ಗೆ ಏನೂ ಬೇಕಾಗಿರ್ಲಿಲ್ಲ” ಅಂದರೆ ಅದು ಆ ಕಾಲದ ಮಾತು, ನಂಬಿ ಕೂರಬೇಡಿ.

ವರ್ಗವನ್ನು ನಿರ್ಧರಿಸುವುದು ಒಳಗಿರುವ ಸರ್ಕ್ಯೂಟ್ ಅಲ್ಲ, ನೀವು ಬರೆದುಕೊಡುವ ಬಳಕೆಯ ಉದ್ದೇಶ. “ಹನಿಯ ವೇಗ ತೋರಿಸುತ್ತದೆ” ಎಂದರೆ ಒಂದು ಮಾತು. “ವೇಗ ತಪ್ಪಿದರೆ ತಾನೇ ಟ್ಯೂಬ್ ಒತ್ತಿ ನಿಲ್ಲಿಸುತ್ತದೆ” ಎಂದರೆ ಔಷಧಿ ದೇಹಕ್ಕೆ ಹೋಗುವುದನ್ನು ಯಂತ್ರವೇ ನಡೆಸಿದ ಹಾಗಾಯಿತು. ಅಪಾಯ ಏರಿತು, ಪರೀಕ್ಷೆ ಏರಿತು, ಖರ್ಚೂ ಏರಿತು. ಮೊದಲ ಆವೃತ್ತಿಯಲ್ಲಿ ಟ್ಯೂಬ್ ಒತ್ತುವ ಆ ಕ್ಲಾಂಪ್ ಬೇಕೇ ಬೇಕಾ? ಈ ಪ್ರಶ್ನೆಯನ್ನು ಈಗಲೇ ಕೇಳಿಕೊಳ್ಳಿ. ಹೂಡಿಕೆದಾರರಿಗೆ ತೋರಿಸುವ ಸ್ಲೈಡ್‌ಗಳಲ್ಲಿ (ಪಿಚ್ ಡೆಕ್) ಚೆಂದ ಕಾಣುತ್ತದೆ ಎಂದು ಸೇರಿಸಿದ ಒಂದು ಫೀಚರ್ ಒಂದು ವರ್ಷ ನುಂಗಿದ್ದನ್ನು ನೋಡಿದ್ದೇನೆ.

ಮಾಡಬೇಕಾದ್ದು ಇಷ್ಟು. ಬಳಕೆಯ ಉದ್ದೇಶವನ್ನು ನಾಲ್ಕು ಸಾಲಲ್ಲಿ ಬರೆಯಿರಿ. ಸಿಡಿಎಸ್‌ಸಿಒ ಪ್ರಕಟಿಸಿರುವ ವರ್ಗೀಕರಣದ ಪಟ್ಟಿಗಳಲ್ಲಿ ಹತ್ತಿರದ ಸಾಧನ ಹುಡುಕಿ. ನಿಮ್ಮದರಂಥದ್ದು ಈಗಾಗಲೇ ಒಪ್ಪಿಗೆ ಪಡೆದು ಮಾರುಕಟ್ಟೆಯಲ್ಲಿದೆಯೇ ನೋಡಿ. ಇದ್ದರೆ ಅದನ್ನು ಪ್ರೆಡಿಕೇಟ್ ಎನ್ನುತ್ತಾರೆ, ದಾರಿ ಚಿಕ್ಕದು. ಇಲ್ಲದಿದ್ದರೆ ಕ್ಲಿನಿಕಲ್ ಇನ್ವೆಸ್ಟಿಗೇಷನ್, ಅಂದರೆ ರೋಗಿಗಳ ಮೇಲೆ ಪರೀಕ್ಷಿಸಿ ತೋರಿಸುವ ದಾರಿ, ಅದು ಉದ್ದ. “ನಮ್ಮದು ಜಗತ್ತಿನಲ್ಲೇ ಮೊದಲು” ಎಂದು ಎದೆಯುಬ್ಬಿಸುವ ಮೊದಲು ಈ ಲೆಕ್ಕ ಹಾಕಿ.

ಹಂತ 4: ಬಾಯಿ ಬಿಡುವ ಮೊದಲು ಪೇಟೆಂಟ್ ಅರ್ಜಿ

ನಾನು ಜೊತೆಗಿದ್ದ ಒಂದು ತಂಡ ಕಾಲೇಜು ಉತ್ಸವದಲ್ಲಿ ಸಾಧನ ತೋರಿಸಿ ಬಹುಮಾನ ಗೆದ್ದಿತು. ಗೆಳೆಯರು ವಿಡಿಯೊ ಮಾಡಿ ನೆಟ್‌ಗೆ ಹಾಕಿದರು. ಒಳಗಿನ ಜೋಡಣೆ ಎಲ್ಲ ಅದರಲ್ಲಿ ಸ್ಪಷ್ಟ. ನಾಲ್ಕು ತಿಂಗಳ ಮೇಲೆ ಪೇಟೆಂಟ್ ಅರ್ಜಿ ಹಾಕಿದೆವು. ಪರೀಕ್ಷಕರ ವರದಿ ಬಂದಾಗ ‘ಇದು ಹೊಸದಲ್ಲ’ ಎನ್ನುವುದಕ್ಕೆ ಕೊಟ್ಟ ಆಧಾರ ಆ ವಿಡಿಯೊವೇ. ತಪ್ಪು ನನ್ನದೂ ಹೌದು. ಉತ್ಸವದ ದಿನ ನಾನೂ ಅಲ್ಲಿ ಚಪ್ಪಾಳೆ ಹೊಡೆದಿದ್ದೆ.

ಅದಕ್ಕೇ ಈ ಕ್ರಮ:

1. ಮೊದಲು ಹುಡುಕಾಟ. ಭಾರತೀಯ ಪೇಟೆಂಟ್ ಕಚೇರಿಯ ಹುಡುಕಾಟ ತಾಣ ಇನ್‌ಪಾಸ್ ಮತ್ತು ಗೂಗಲ್ ಪೇಟೆಂಟ್ಸ್, ಎರಡೂ ಪುಕ್ಕಟೆ. ಎರಡು ದಿನ ಪೂರ್ತಿ ಕೊಡಿ.

2. ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ. ಕಲ್ಪನೆ ಒಂದು ಹದಕ್ಕೆ ಬಂದ ಕೂಡಲೇ ಹಾಕಬಹುದು. ಆ ದಿನಾಂಕ ನಿಮ್ಮದಾಗುತ್ತದೆ. ಪೂರ್ಣ ವಿವರಣೆಯನ್ನು 12 ತಿಂಗಳೊಳಗೆ ಸಲ್ಲಿಸಬೇಕು. ಒಂದು ದಿನ ತಪ್ಪಿದರೂ ಅರ್ಜಿ ಕೈಬಿಟ್ಟಂತೆ. ಸ್ಟಾರ್ಟ್‌ಅಪ್‌ಗಳಿಗೆ ಶುಲ್ಕದಲ್ಲಿ ಶೇ. 80 ರಿಯಾಯಿತಿ ಇದೆ.

3. ಪರೀಕ್ಷೆಗೆ ಬೇರೆ ಅರ್ಜಿ. ಪೇಟೆಂಟ್ ಅರ್ಜಿ ಹಾಕಿದರೆ ಸಾಲದು, ಪರಿಶೀಲಿಸಿ ಎಂದು ಬೇರೆಯಾಗಿ ಕೇಳಬೇಕು. 2024ರ ತಿದ್ದುಪಡಿಯಲ್ಲಿ ಈ ಗಡುವು 48 ತಿಂಗಳಿಂದ 31ಕ್ಕೆ ಇಳಿಯಿತು. ಹಳೆಯ ಲೇಖನ ಓದಿಕೊಂಡು ಆರಾಮಾಗಿ ಕೂರಬೇಡಿ.

ಏನಕ್ಕೆ ಪೇಟೆಂಟ್ ಸಿಗುವುದಿಲ್ಲ ಎನ್ನುವುದೂ ಗೊತ್ತಿರಲಿ. ಚಿಕಿತ್ಸೆಯ ವಿಧಾನ, ರೋಗ ಪತ್ತೆಯ ವಿಧಾನ ನಮ್ಮ ಕಾಯ್ದೆಯ ಸೆಕ್ಷನ್ 3(ಐ) ಪ್ರಕಾರ ಹೊರಗೆ. ಬರಿಯ ಕಂಪ್ಯೂಟರ್ ಪ್ರೋಗ್ರಾಂ 3(ಕೆ) ಪ್ರಕಾರ ಹೊರಗೆ. ಉಪಕರಣಕ್ಕೆ ಸಿಗುತ್ತದೆ. ಹಾಗಾಗಿ ಬರೆಯುವಾಗ ‘ಹೀಗೆ ಪತ್ತೆ ಮಾಡುವ ವಿಧಾನ’ ಎನ್ನುವುದಕ್ಕಿಂತ ‘ಇಂಥ ಭಾಗಗಳಿರುವ ಸಾಧನ’ ಎನ್ನುವ ಕಡೆ ಒತ್ತು ಕೊಡಿ. ಇಲ್ಲಿ ಪೇಟೆಂಟ್ ಏಜೆಂಟ್‌ಗೆ ಕೊಡುವ ದುಡ್ಡು ದಂಡ ಅಲ್ಲ.

ಕಾಲೇಜು ಲ್ಯಾಬ್‌ನಲ್ಲಿ ಮಾಡಿದ್ದರೆ ಹಕ್ಕು ಯಾರದು ಎನ್ನುವುದನ್ನು ಕಾಲೇಜಿನ ನೀತಿಯಲ್ಲಿ ನೋಡಿ, ಬರಹದಲ್ಲಿ ಪತ್ರ ತೆಗೆದುಕೊಳ್ಳಿ. “ಪ್ರಿನ್ಸಿಪಾಲರು ಪರವಾಗಿಲ್ಲ ಅಂದಿದ್ರು” ಎನ್ನುವುದು ಹೂಡಿಕೆದಾರರ ವಕೀಲರ ಮುಂದೆ ನಡೆಯುವುದಿಲ್ಲ.

ಹಂತ 5: ಮಾದರಿ ಮಾಡಿ, ಆಮೇಲೆ ಅದನ್ನು ಕೆಡಿಸಲು ನೋಡಿ

ಈಗ ಸರ್ಕ್ಯೂಟ್. ಮೇಜಿನ ಮೇಲೆ ನಡೆಯುವುದನ್ನು ತೋರಿಸುವುದು ಸುಲಭ. ಎಲ್ಲಿ ಕೆಡುತ್ತದೆ ಎಂದು ತೋರಿಸುವುದಕ್ಕೇ ಬೆಲೆ.

ಡ್ರಿಪ್ ಮಾನಿಟರ್‌ಗೆ ಪರೀಕ್ಷೆ ಹೀಗೆ ಮಾಡಿ. ಕೆಳಗೆ ತಕ್ಕಡಿ, ಅದರ ಮೇಲೆ ಬೀಕರ್. ಸಲೈನ್ ಒಂದು ಎಂಎಲ್ ಅಂದರೆ ಹೆಚ್ಚೂಕಮ್ಮಿ ಒಂದು ಗ್ರಾಂ. ಸಾಧನ ಹೇಳುವ ಅಳತೆ ಒಂದು ಕಾಲಂ, ತಕ್ಕಡಿ ಹೇಳುವುದು ಇನ್ನೊಂದು ಕಾಲಂ. ನಿಮಿಷಕ್ಕೆ 10 ಹನಿಯಿಂದ 120ರವರೆಗೆ ಬೇರೆ ಬೇರೆ ವೇಗದಲ್ಲಿ ಬರೆಯುತ್ತಾ ಹೋಗಿ. ಆಗ ಒಂದು ವಿಷಯ ಗೊತ್ತಾಗುತ್ತದೆ: ಹನಿಯ ಗಾತ್ರ ಸದಾ ಒಂದೇ ಅಲ್ಲ. ದ್ರವ ಬದಲಾದರೆ, ವೇಗ ಬದಲಾದರೆ ಹನಿಯೂ ಬದಲಾಗುತ್ತದೆ. ಮಕ್ಕಳ ವಾರ್ಡ್‌ನ ಮೈಕ್ರೊ ಸೆಟ್‌ನಲ್ಲಿ ಒಂದು ಎಂಎಲ್‌ಗೆ 60 ಹನಿ. ಸೆಟ್ ಬದಲಾದದ್ದು ಸಾಧನಕ್ಕೆ ಗೊತ್ತಾಗದಿದ್ದರೆ ಲೆಕ್ಕ ಮೂರು ಪಟ್ಟು ತಪ್ಪು. ಇದು ಸಣ್ಣ ಬಗ್ ಅಲ್ಲ, ಮಗುವಿಗೆ ಅಪಾಯ.

ಮುಂದೆ ಕೆಡಿಸುವ ಕೆಲಸ. ಕಿಟಕಿ ಪಕ್ಕ ಬಿಸಿಲಿಗೆ ಇಡಿ, ಇನ್‌ಫ್ರಾರೆಡ್ ಸೆನ್ಸರ್ ಇದ್ದರೆ ಅಲ್ಲೇ ತಡವರಿಸುತ್ತದೆ. ಸ್ಟ್ಯಾಂಡ್ ಒದೆಯಿರಿ. ಕರೆಂಟ್ ತೆಗೆದು ಹಾಕಿ. ಸ್ಪಿರಿಟ್ ಹಾಕಿ ನೂರು ಸಲ ಒರೆಸಿ, ಅಕ್ಷರ ಅಳಿಸುತ್ತಾ ನೋಡಿ. ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಸಿಡಿಸಿ ರಾತ್ರಿ ಬಿಡಿ. ಬೆಳಿಗ್ಗೆ ಸೆನ್ಸರ್ ಕಿಂಡಿಯಲ್ಲಿ ಇರುವೆ ಸಾಲು ಕಂಡರೆ ಆಶ್ಚರ್ಯ ಪಡಬೇಡಿ, ನಾನು ಕಂಡಿದ್ದೇನೆ.

ಎಲ್ಲವನ್ನೂ ದಿನಾಂಕ, ಆವೃತ್ತಿಯ ನಂಬರ್, ಸಹಿ ಸಮೇತ ನೋಟ್‌ಬುಕ್‌ಗೆ ಏರಿಸಿ. ಮುಂದೆ ಗುಣಮಟ್ಟ ವ್ಯವಸ್ಥೆಗೆ ಐಎಸ್‌ಒ 13485, ಅಪಾಯ ನಿರ್ವಹಣೆಗೆ ಐಎಸ್‌ಒ 14971, ವಿದ್ಯುತ್ ಸುರಕ್ಷತೆಗೆ ಐಇಸಿ 60601-1, ಸಾಫ್ಟ್‌ವೇರ್‌ಗೆ ಐಇಸಿ 62304 ಎದುರಾಗುತ್ತವೆ. ಇವತ್ತೇ ಅವನ್ನೆಲ್ಲ ಪಾಸು ಮಾಡಬೇಕಿಲ್ಲ. ಆದರೆ ‘ಏನು ಕೆಟ್ಟರೆ ಯಾರಿಗೆ ಏನಾಗುತ್ತದೆ, ತಡೆಯಲು ಏನು ಮಾಡಿದ್ದೀವಿ’ ಎಂಬ ಪಟ್ಟಿಯನ್ನು ಮೊದಲ ದಿನದಿಂದ ಬರೆಯಿರಿ. ಆಮೇಲೆ ಕೂತು ನೆನಪಿಂದ ಬರೆದ ಪಟ್ಟಿ ಆಡಿಟರ್‌ಗೆ ವಾಸನೆಯಿಂದಲೇ ಗೊತ್ತಾಗುತ್ತದೆ.

ಹಂತ 6: ಕಂಪನಿ ಕಾಗದ

ಇದು ಚಿಕ್ಕ ಹಂತ, ಆದರೆ ತಪ್ಪಿಸಬೇಡಿ. ಪ್ರೈವೇಟ್ ಲಿಮಿಟೆಡ್ ಕಂಪನಿ, ಕೇಂದ್ರದ ಉದ್ಯಮ ಉತ್ತೇಜನ ಇಲಾಖೆ ಡಿಪಿಐಐಟಿಯಿಂದ ಸ್ಟಾರ್ಟ್‌ಅಪ್ ಮಾನ್ಯತೆ, ಸ್ಥಾಪಕರ ನಡುವೆ ಒಪ್ಪಂದ. ಷೇರು ನಾಲ್ಕು ವರ್ಷದಲ್ಲಿ ಹಂತ ಹಂತವಾಗಿ ಕೈಸೇರಲಿ, ಮೊದಲ ವರ್ಷ ತುಂಬುವ ಮೊದಲೇ ಬಿಟ್ಟು ಹೋದವರಿಗೆ ಏನೂ ಇಲ್ಲ ಎಂದಿರಲಿ. ಸಲಹೆ ಕೊಟ್ಟ ಡಾಕ್ಟರ್‌ಗೆ ಪ್ರೀತಿಯಿಂದ ಶೇ. 30 ಬರೆದುಕೊಟ್ಟು, ಅವರು ಎರಡು ವರ್ಷ ಫೋನೇ ಎತ್ತದೆ, ಕೊನೆಗೆ ಕಂಪನಿಯನ್ನೇ ಮುಚ್ಚಿದವರಿದ್ದಾರೆ.

ಹಂತ 7: ಅನುದಾನ, ಸಣ್ಣದರಿಂದ ದೊಡ್ಡದಕ್ಕೆ

ಷೇರು ಬಿಟ್ಟುಕೊಡದೆ ಸಿಗುವ ಹಣ ಇದು. ಹಾಗಾಗಿ ಹೂಡಿಕೆದಾರರಿಗಿಂತ ಮೊದಲು ಇದು. ಅರ್ಜಿ ಹಾಕುವ ಮುನ್ನ ಆ ಕರೆ ತೆರೆದಿದೆಯೇ, ಆ ಸಲದ ಷರತ್ತೇನು ಎಂದು ಮೂಲ ದಾಖಲೆಯಲ್ಲೇ ಓದಿ.

ಮಾದರಿ ಮಾಡಲು ಕೇಂದ್ರದ ನಿಧಿ-ಪ್ರಯಾಸ್ ಯೋಜನೆ, 10 ಲಕ್ಷದವರೆಗೆ. ಕಲ್ಪನೆ ನಡೆಯುತ್ತದೆ ಎಂದು ಸಾಬೀತು ಮಾಡಲು ಬೈರಾಕ್‌ನ ‘ಬಿಗ್’, 18 ತಿಂಗಳಿಗೆ 50 ಲಕ್ಷದವರೆಗೆ. ಬೈರಾಕ್ ಎಂದರೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2012ರಲ್ಲಿ ಕಟ್ಟಿದ ಸಂಸ್ಥೆ. ಬಿಗ್ ಅರ್ಜಿಗೆ ಬೇರೆ ಬೇರೆ ಊರಲ್ಲಿ ಪಾಲುದಾರ ಸಂಸ್ಥೆಗಳಿವೆ, ಬೆಂಗಳೂರಿನಲ್ಲಿ ಸಿ-ಕ್ಯಾಂಪ್. ರಾಜ್ಯ ಸರ್ಕಾರದ ‘ಎಲಿವೇಟ್’ನಲ್ಲಿ 50 ಲಕ್ಷದವರೆಗೆ. 2021ರಲ್ಲಿ ಶುರುವಾದ ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ ಇನ್‌ಕ್ಯುಬೇಟರ್ (ಹೊಸ ಕಂಪನಿಗಳನ್ನು ಬೆಳೆಸುವ ಕೇಂದ್ರ) ಮೂಲಕ 20 ಲಕ್ಷದವರೆಗೆ ಅನುದಾನ.

ಇಲ್ಲೂ ಕ್ರಮ ಇದೆ. ಆ ಸೀಡ್ ಫಂಡ್‌ನ ನಿಯಮದಲ್ಲಿ ಒಂದು ಸಾಲಿದೆ: ಬೇರೆ ಸರ್ಕಾರಿ ಯೋಜನೆಗಳಿಂದ 10 ಲಕ್ಷಕ್ಕಿಂತ ಜಾಸ್ತಿ ಹಣ ಪಡೆದಿರಬಾರದು. ಅಂದರೆ ಮೊದಲು ದೊಡ್ಡ ಅನುದಾನ ತೆಗೆದುಕೊಂಡರೆ ಈ ಬಾಗಿಲು ಮುಚ್ಚಿತು. ಎಲ್ಲ ಯೋಜನೆಗಳ ಅರ್ಹತೆಯನ್ನು ಒಂದು ಹಾಳೆಯಲ್ಲಿ ಪಕ್ಕಪಕ್ಕ ಬರೆದು, ಯಾವುದು ಯಾವುದನ್ನು ಮುಚ್ಚುತ್ತದೆ ಎಂದು ಬಾಣ ಹಾಕಿ. ಅರ್ಧ ದಿನದ ಕೆಲಸ.

ಅರ್ಜಿಯಲ್ಲಿ ಜನ ಸೋಲುವುದು ಮೈಲಿಗಲ್ಲು ಬರೆಯುವ ಜಾಗದಲ್ಲಿ. ಹೆಚ್ಚಿನವರು ಹೀಗೆ ಬರೆಯುತ್ತಾರೆ: “6ನೇ ತಿಂಗಳು: ಪ್ರೊಟೊಟೈಪ್ ಸುಧಾರಣೆ.” ಸುಧಾರಿಸಿತು ಎಂದು ಹೇಳುವವರು ಯಾರು, ಯಾವ ಅಳತೆಯಿಂದ? ಹೀಗೆ ಬರೆಯಿರಿ: “6ನೇ ತಿಂಗಳ ಕೊನೆಗೆ 5 ಸಾಧನ ಸಿದ್ಧ. 20 ಹನಿ ಮತ್ತು 60 ಹನಿ ಸೆಟ್ ಎರಡರಲ್ಲೂ, ನಿಮಿಷಕ್ಕೆ 10ರಿಂದ 120 ಹನಿವರೆಗೆ, ತಕ್ಕಡಿ ಅಳತೆಗೆ ಹೋಲಿಸಿದರೆ ತಪ್ಪು ಶೇ. 5ರೊಳಗೆ. ಪ್ರತಿ ಸಾಧನ 100 ಗಂಟೆ ನಿಲ್ಲದೆ ಓಡಬೇಕು. ಸಾಕ್ಷಿ: ಸಹಿ ಮಾಡಿದ ಪರೀಕ್ಷಾ ವರದಿ.” ಓದಿದವರಿಗೆ ಈ ಕೆಲಸ ಮುಗಿಯಿತೋ ಇಲ್ಲವೋ ಎಂದು ಐದು ನಿಮಿಷದಲ್ಲಿ ಗೊತ್ತಾಗಬೇಕು. ಯಾಕೆಂದರೆ ಹಣ ಬರುವುದು ಕಂತಿನಲ್ಲಿ. ಮೈಲಿಗಲ್ಲು ಮುಟ್ಟಿದಿರಿ ಎಂದು ಪರಿಶೀಲಿಸಿದ ಮೇಲೆಯೇ ಮುಂದಿನ ಕಂತು.

ಬಜೆಟ್‌ನಲ್ಲಿ ‘ಇತರೆ: 6 ಲಕ್ಷ’ ಎಂದು ಬರೆಯಬೇಡಿ. ಟೆಸ್ಟಿಂಗ್ ಲ್ಯಾಬ್‌ನ ಕೊಟೇಷನ್ ಲಗತ್ತಿಸಿ. ವಿದ್ಯುತ್ ಸುರಕ್ಷತೆ ಪರೀಕ್ಷೆಯನ್ನು ಒಂದೇ ಸಲಕ್ಕೆ ಲೆಕ್ಕ ಹಾಕಬೇಡಿ. ಮೊದಲ ಸಲ ಪಾಸಾಗುವುದು ಅಪರೂಪ, ಎರಡನೇ ಸಲದ್ದೂ ಇಡಿ. ಲ್ಯಾಬ್‌ಗಳನ್ನು ಪರಿಶೀಲಿಸುವ ಎನ್‌ಎಬಿಎಲ್‌ನ ಮಾನ್ಯತೆ ಇರುವ ಲ್ಯಾಬ್ ನೋಡಿ. ವಿಶಾಖಪಟ್ಟಣದ ವೈದ್ಯಕೀಯ ಸಾಧನಗಳ ಕೈಗಾರಿಕಾ ವಲಯ ಎಎಂಟಿಝಡ್‌ನಲ್ಲಿ ಹಲವು ಪರೀಕ್ಷೆಗಳು ಒಂದೇ ಆವರಣದಲ್ಲಿ ಸಿಗುತ್ತವೆ. ಮಾದರಿ ಕೊಟ್ಟು ವಾಪಸ್ ತರುವ ಓಡಾಟದ ಖರ್ಚನ್ನೂ ಸೇರಿಸಿ.

ಕಂತಿನ ನಡುವೆ ಎರಡು ಮೂರು ತಿಂಗಳ ಅಂತರ ಬೀಳುತ್ತದೆ ಎಂದುಕೊಂಡು ಕೈಯಲ್ಲಿ ಹಣ ಉಳಿಸಿಕೊಂಡಿರಿ. ಅನುದಾನಕ್ಕೇ ಬೇರೆ ಬ್ಯಾಂಕ್ ಖಾತೆ ಇರಲಿ, ಬಿಲ್ ಒಂದೂ ಕಳೆಯದಿರಲಿ. ಯುಟಿಲೈಸೇಷನ್ ಸರ್ಟಿಫಿಕೇಟ್ (ಅನುದಾನ ಎಲ್ಲಿ ಖರ್ಚಾಯಿತು ಎನ್ನುವ ಪ್ರಮಾಣಪತ್ರ) ಬರೆಯುವ ದಿನ ನಿಮ್ಮ ಸಿಎ ನಿಮಗೆ ಧನ್ಯವಾದ ಹೇಳುತ್ತಾರೆ.

ಎಚ್ಚರಿಕೆಯ ಗುರುತು: “ಗ್ರಾಂಟ್ ಕೊಡಿಸ್ತೀವಿ, ಮೊದಲು ಇಷ್ಟು ಕೊಡಿ” ಎಂದು ಮುಂಗಡ ಕೇಳುವ ಮಧ್ಯವರ್ತಿ. ಅಲ್ಲಿಂದ ಎದ್ದು ಬನ್ನಿ.

ಹಂತ 8: ರೋಗಿಯ ಹತ್ತಿರ ಹೋಗುವ ಮುನ್ನ

“ಪರಿಚಯದ ಡಾಕ್ಟರ್ ಇದ್ದಾರೆ, ನಾಳೆ ಎರಡು ಪೇಷಂಟ್‌ಗೆ ಹಾಕಿ ನೋಡ್ತಾರೆ.” ಈ ಮಾತು ಕೇಳಿದರೆ ನನಗೆ ಬೆವರು ಬರುತ್ತದೆ. ಅನುಮತಿ ಇಲ್ಲದೆ ಪಡೆದ ಅಂಕಿ ಅಂಶ ಲೈಸೆನ್ಸ್‌ಗೂ ಬರುವುದಿಲ್ಲ, ಹೂಡಿಕೆಗೂ ಬರುವುದಿಲ್ಲ. ರೋಗಿಗೆ ಏನಾದರೂ ಆದರೆ ಅದು ಬೇರೆಯೇ ಕಥೆ.

ಕ್ರಮ ಹೀಗೆ. ಪರೀಕ್ಷೆಗೆಂದು ಕೆಲವೇ ಸಾಧನ ತಯಾರಿಸಲೂ ಲೈಸೆನ್ಸ್ ಬೇಕು: ಎಂಡಿ-12 ನಮೂನೆಯಲ್ಲಿ ಅರ್ಜಿ, ಎಂಡಿ-13 ನಮೂನೆಯಲ್ಲಿ ಲೈಸೆನ್ಸ್. ಪ್ರೆಡಿಕೇಟ್ ಇಲ್ಲದ ಹೊಸ ಸಾಧನವಾದರೆ ಕ್ಲಿನಿಕಲ್ ಇನ್ವೆಸ್ಟಿಗೇಷನ್‌ಗೆ ಎಂಡಿ-22ರಲ್ಲಿ ಅರ್ಜಿ, ಎಂಡಿ-23ರಲ್ಲಿ ಅನುಮತಿ. ರೋಗಿಗಳ ಹಿತ ಕಾಯುವ ನೋಂದಾಯಿತ ಎಥಿಕ್ಸ್ ಕಮಿಟಿಯ ಒಪ್ಪಿಗೆ. ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ದೇಶದ ಕ್ಲಿನಿಕಲ್ ಪ್ರಯೋಗಗಳ ದಾಖಲೆ ಸಿಟಿಆರ್‌ಐನಲ್ಲಿ ನೋಂದಣಿ, ಆಮೇಲೆ ಅಲ್ಲ. ಪ್ರತಿ ರೋಗಿಯ ಒಪ್ಪಿಗೆ ಪತ್ರ ಅವರಿಗೆ ಓದಲು ಬರುವ ಭಾಷೆಯಲ್ಲಿ. ಕನ್ನಡದ ಪತ್ರವನ್ನು ಇಂಗ್ಲಿಷ್‌ನಿಂದ ಯಂತ್ರದಲ್ಲಿ ಅನುವಾದಿಸಿ ಕೊಟ್ಟ ತಂಡ ಒಂದಿತ್ತು. ಇಂಗ್ಲಿಷ್‌ನ ‘ಸಬ್ಜೆಕ್ಟ್’ ‘ವಿಷಯ’ ಆಗಿ, ಆ ಪದ ರೋಗಿಯನ್ನೇ ಸೂಚಿಸುತ್ತಿತ್ತು, ಕಮಿಟಿಯ ಹಿರಿಯರು ಓದಿ ನಕ್ಕು ವಾಪಸ್ ಕಳಿಸಿದರು. ಎರಡು ತಿಂಗಳು ಹೋಯಿತು.

ಎಥಿಕ್ಸ್ ಕಮಿಟಿ ದಿನಾ ಸೇರುವುದಿಲ್ಲ. ಮುಂದಿನ ಸಭೆ ಯಾವಾಗ, ಅದಕ್ಕೆ ಎಷ್ಟು ದಿನ ಮೊದಲು ಫೈಲ್ ಕೊಡಬೇಕು ಎಂದು ಮೊದಲೇ ಕೇಳಿ, ಅನುದಾನದ ಮೈಲಿಗಲ್ಲನ್ನು ಅದಕ್ಕೆ ಹೊಂದಿಸಿ.

ಹಂತ 9: ಹೂಡಿಕೆದಾರರ ಮುಂದೆ

ಈಗ, ಇಷ್ಟೆಲ್ಲ ಆದ ಮೇಲೆ. ಮೊದಲು ಮೂರು ಹೆಸರು ಬರೆಯಿರಿ: ಬಳಸುವವರು ಯಾರು, ದುಡ್ಡು ಕೊಡುವವರು ಯಾರು, ಕೊಳ್ಳೋಣ ಎಂದು ತೀರ್ಮಾನಿಸುವವರು ಯಾರು. ನಮ್ಮ ಸಾಧನ ಬಳಸುವುದು ಸಿಸ್ಟರ್, ದುಡ್ಡು ಆಸ್ಪತ್ರೆಯದು, ತೀರ್ಮಾನ ಖರೀದಿ ಸಮಿತಿಯದು. ಸರ್ಕಾರಿ ಆಸ್ಪತ್ರೆಗಳಾದರೆ ರಾಜ್ಯದ ವೈದ್ಯಕೀಯ ಸರಬರಾಜು ನಿಗಮದ ಟೆಂಡರ್, ಕೇಂದ್ರದ ಖರೀದಿ ಪೋರ್ಟಲ್ ಜೆಮ್. ಕೇಂದ್ರದ ಖರೀದಿಯಲ್ಲಿ ಮಾನ್ಯತೆ ಪಡೆದ ಸ್ಟಾರ್ಟ್‌ಅಪ್‌ಗಳಿಗೆ ಹಿಂದಿನ ವಹಿವಾಟು ಮತ್ತು ಅನುಭವದ ಷರತ್ತಿನಲ್ಲಿ ಸಡಿಲಿಕೆ ಇದೆ, ಗುಣಮಟ್ಟದಲ್ಲಿ ಇಲ್ಲ. ಸಿಸ್ಟರ್‌ಗೆ ಇಷ್ಟವಾಯಿತು ಎಂದ ಮಾತ್ರಕ್ಕೆ ಸಮಿತಿ ಕೊಳ್ಳುವುದಿಲ್ಲ. ಪ್ಲಾಸ್ಟರ್ ಪಟ್ಟಿಗೆ ಸಮಿತಿಯ ಒಪ್ಪಿಗೆ ಬೇಕಿಲ್ಲ ಎನ್ನುವುದೂ ನೆನಪಿರಲಿ.

ಬೆಲೆ. “ಮೊದಲ ವರ್ಷ ಕಡಿಮೆಗೆ ಕೊಟ್ಟು ಆಮೇಲೆ ಏರಿಸ್ತೀವಿ” ಎಂದು ಸ್ಲೈಡ್‌ನಲ್ಲಿ ಬರೆದರೆ ವಿಷಯ ಗೊತ್ತಿರುವ ಹೂಡಿಕೆದಾರರು ಅಲ್ಲೇ ತಡೆಯುತ್ತಾರೆ. ವೈದ್ಯಕೀಯ ಸಾಧನಗಳ ಎಂಆರ್‌ಪಿಯನ್ನು 12 ತಿಂಗಳಲ್ಲಿ ಶೇ. 10ಕ್ಕಿಂತ ಜಾಸ್ತಿ ಏರಿಸುವಂತಿಲ್ಲ. ಹೃದಯದ ಸ್ಟೆಂಟ್‌ಗಳಿಗಂತೂ 2017ರ ಫೆಬ್ರವರಿಯಲ್ಲಿ ಸರ್ಕಾರವೇ ಗರಿಷ್ಠ ಬೆಲೆ ಕಟ್ಟಿತು. ಮೊದಲ ದಿನ ಮುದ್ರಿಸುವ ಎಂಆರ್‌ಪಿಯನ್ನು ಯೋಚಿಸಿ ಮುದ್ರಿಸಿ.

ಎಷ್ಟು ಕೇಳಬೇಕು? ಮುಂದಿನ ಒಂದು ದೊಡ್ಡ ಮೆಟ್ಟಿಲು ಮುಟ್ಟುವಷ್ಟು, ಮೇಲೆ ಆರು ತಿಂಗಳ ಖರ್ಚು. ಲೆಕ್ಕ ಹೀಗೆ: ಹೂಡಿಕೆಗೆ ಮೊದಲು ಕಂಪನಿಯ ಬೆಲೆ 6 ಕೋಟಿ ಎಂದು ಒಪ್ಪಿದಿರಿ, 1.5 ಕೋಟಿ ಬಂತು. ಈಗ ಕಂಪನಿ 7.5 ಕೋಟಿಯದು, ಅವರ ಪಾಲು ಶೇ. 20. ಮೊದಲ ಸುತ್ತಿನಲ್ಲೇ ಶೇ. 40 ಕೇಳುವವರ ಹಣ ತೆಗೆದುಕೊಂಡರೆ ಮುಂದಿನ ಸುತ್ತಿನವರು ಸ್ಥಾಪಕರ ಕೈಯಲ್ಲಿ ಏನು ಉಳಿದಿದೆ ನೋಡಿ ಹಿಂದೆ ಸರಿಯುತ್ತಾರೆ. ಬೆಲೆ ಕಟ್ಟುವುದೇ ಕಷ್ಟ ಎನ್ನಿಸಿದರೆ ಕನ್ವರ್ಟಿಬಲ್ ನೋಟ್ ಇದೆ, ಅಂದರೆ ಈಗ ಸಾಲದಂತೆ ಪಡೆದು ಆಮೇಲೆ ಷೇರಾಗಿಸುವ ಹಣ. ಆದರೆ ಒಬ್ಬ ಹೂಡಿಕೆದಾರರಿಂದ ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷ ಬರಬೇಕು. ಹೊಸ ಕಂಪನಿಗೆ ಬಂದ ಹೂಡಿಕೆಯ ಮೇಲೆ ಬೀಳುತ್ತಿದ್ದ ಏಂಜೆಲ್ ಟ್ಯಾಕ್ಸ್ ಅನ್ನು 2024ರ ಬಜೆಟ್‌ನಲ್ಲಿ ತೆಗೆದಿದ್ದಾರೆ, ಹಳೆಯ ಒಪ್ಪಂದದ ನಮೂನೆಯಲ್ಲಿ ಅದರ ಷರತ್ತು ಉಳಿದಿದ್ದರೆ ವಕೀಲರಿಗೆ ತೋರಿಸಿ.

ಆ್ಯಪ್ ಕಂಪನಿಗಳಿಗೆ ಹಣ ಹಾಕಿ ರೂಢಿಯಾದವರು “ಮುಂದಿನ ತಿಂಗಳಿಂದ ಸೇಲ್ಸ್ ಶುರುನಾ?” ಎಂದು ಕೇಳುತ್ತಾರೆ. ನಿಯಮ, ಲೈಸೆನ್ಸ್, ಎಥಿಕ್ಸ್ ಕಮಿಟಿ ಎಂದು ಎರಡು ಸಲ ವಿವರಿಸಿದ ಮೇಲೂ ಮೂರನೇ ಸಲ ಅದೇ ಕೇಳಿದರೆ ಅವರು ಕೆಟ್ಟವರಲ್ಲ, ನಿಮಗೆ ಹೊಂದುವವರಲ್ಲ, ಅಷ್ಟೇ.

ಟರ್ಮ್ ಶೀಟ್ (ಹೂಡಿಕೆಯ ಷರತ್ತಿನ ಕರಡು) ಬಂದ ಮೇಲೆ ಡ್ಯೂ ಡಿಲಿಜೆನ್ಸ್, ಅಂದರೆ ಕಾಗದಪತ್ರಗಳ ತಪಾಸಣೆ. ಅದಕ್ಕೆ ಫೋಲ್ಡರ್ ಇಂದೇ ಮಾಡಿಡಿ: ಪೇಟೆಂಟ್ ರಸೀದಿಗಳು, ಕಾಲೇಜಿನ ಪತ್ರ, ಸ್ಥಾಪಕರ ಒಪ್ಪಂದ, ವರ್ಗೀಕರಣದ ಟಿಪ್ಪಣಿ, ಕೆಟ್ಟುಹೋದ ಪರೀಕ್ಷೆಗಳೂ ಸೇರಿದಂತೆ ಎಲ್ಲ ವರದಿ, ಅನುದಾನದ ಲೆಕ್ಕ, ಎಥಿಕ್ಸ್ ಕಮಿಟಿಯ ಪತ್ರ. ಕೆಟ್ಟ ವರದಿ ಮುಚ್ಚಿಡಬೇಡಿ. ಇರುವೆ ಮುತ್ತಿದ ಫೋಟೊ ನೋಡಿ “ಇದಕ್ಕೆ ಏನ್ ಮಾಡಿದ್ರಿ?” ಎಂದು ಕೇಳಿದ ಹೂಡಿಕೆದಾರರು ಆ ದಿನ ಉಳಿದ ಸ್ಲೈಡ್‌ಗಳಿಗಿಂತ ಅದರ ಮೇಲೇ ಜಾಸ್ತಿ ಹೊತ್ತು ಕಳೆದರು.

ಕೊನೆಗೆ ಅವರು ಬಳಸಿ ನೋಡಿದ ಒಬ್ಬರ ಫೋನ್ ನಂಬರ್ ಕೇಳುತ್ತಾರೆ. ಡಾಕ್ಟರ್ ನಂಬರ್ ಜೊತೆ ಸಿಸ್ಟರ್ ನಂಬರನ್ನೂ ಕೊಡಿ, ಅವರ ಒಪ್ಪಿಗೆ ಪಡೆದು. ಯಾವ ಹೊತ್ತಿಗೆ ಫೋನ್ ಮಾಡಬಹುದು ಎಂದೂ ಬರೆದುಕೊಡಿ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಹತ್ತಕ್ಕೆ ಮಲಗಿದವರನ್ನು ಎಬ್ಬಿಸಿ ಕೇಳಿದರೆ ಯಾವ ಸಾಧನದ ಬಗ್ಗೆಯೂ ಒಳ್ಳೆ ಮಾತು ಬರುವುದಿಲ್ಲ.